ಗೊದಮೊಟ್ಟೆ ಸಾಕಿರಿ, ಆಕ್ಸೊಲಾಟಲ್ ಬೇಡ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಿಂದ ದೂರವಾಣಿ ಮಾಡಿದಳು. ಗಂಗಾವತಿ ಸೀಮೆಯ ನಮ್ಮ ಶಾಲೆಯಲ್ಲಿ ಎಂಟರಿಂದ ಹತ್ತನೆಯ ತರಗತಿಯವರೆಗೆ ಓದಿದವಳು. ಈಗ ಅವಳ ಮಗನೇ ಎಂಟನೆಯ ತರಗತಿಯಲ್ಲಿದ್ದಾನೆ. ಕುಶಲಪ್ರಶ್ನೆ ಮುಗಿಯುವ ಮೊದಲೇ ವಿಷಯಕ್ಕೆ ಬಂದಳು.

“ಸರ್, ನಮ್ಮ ಹುಡುಗ ಮನ್ಯಾಗ ಒಂದು ಪ್ರಾಣಿ ಸಾಕ್ಯಾನ್ರಿ, ಆಕ್ಸೊಲಾಟಲ್ ಅಂತ. ಮೀನಿನಂಗ ನೀರಾಗ ಇರತೈತಿ, ಆದ್ರ ನಾಕು ಕಾಲು ಅದಾವು. ತಲಿ ಹಿಂದ ಗರಿ ಇದ್ದಂಗ ಕಿವಿರು ಇದ್ದೂರಿ. ಈಗ ಅವು ಸಣ್ಣಾಗಾಕ ಹತ್ಯಾವು. ಊಟ ಬಿಟ್ಟೈತಿ. ಗಾಜು ಹತ್ತಿ ಹೊರಗ ಬರಾಕ ನೋಡತೈತಿ. ಹುಡುಗ ಒಂದ ಸವನ ಅಳಾಕ ಹತ್ಯಾನ್ರಿ.”

“ಬಾಲದ ಮ್ಯಾಲಿನ ಪೊರಿ ಏನಾಗೇತವ್ವಾ?” ಎಂದು ಕೇಳಿದೆ.

“ಅದೂ ಕರಗೈತ್ರಿ ಸರ್.”

“ಹಂಗಾದ್ರ ಅದು ಸಾಯಾಕ ಹತ್ತಿಲ್ಲ. ದಂಡಿ ಹುಡುಕಾಕ ಹತ್ತೇತಿ. ಒಂಬತ್ತನೆತ್ತಾಗ ಸಾಕಿದ್ದ ಗೊದಮೊಟ್ಟಿ ನೆನಪೈತಿಲ್ಲ? ಅದಕ್ಕೊಂದು ಗಡ್ಡಿ ಮಾಡಿಕೊಡು.”

ಅವಳಿಗೆ ತಕ್ಷಣ ಅರ್ಥವಾಯಿತು. ಉಳಿದ ಓದುಗರಿಗೆ ವಿವರಿಸಬೇಕು. ಅಂದು ಅವಳಿಗೆ ಹೇಳಿದ್ದನ್ನೂ, ಮಗುವಿನ ಅಳುವಿನ ನಡುವೆ ಹೇಳುವುದು ಸರಿಯಲ್ಲವೆಂದು ಉಳಿಸಿಕೊಂಡದ್ದನ್ನೂ ಅವಳ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ.

1997ರ ಜುಲೈ ತಿಂಗಳು. ಉಭಯವಾಸಿಗಳ ಪಾಠಕ್ಕಾಗಿ ಮಕ್ಕಳನ್ನು ವಿರೂಪಾಪುರಗಡ್ಡೆಗೆ ಕರೆದುಕೊಂಡು ಹೋಗಿದ್ದೆ. ಊರು ಬಿಟ್ಟು ದೂರ ಹೋದವರ ಮಕ್ಕಳಿಗಾಗಿ ಹೇಳುತ್ತೇನೆ: ಗಡ್ಡೆಯೆಂದರೆ ನಡುಗಡ್ಡೆ. ತುಂಗಭದ್ರೆ ಹಂಪಿಯ ಬಳಿ ಬಂಡೆಗಳ ನಡುವೆ ಕವಲೊಡೆದು ಹರಿಯುವಲ್ಲಿ, ವಿರೂಪಾಕ್ಷ ದೇವಾಲಯದ ಎದುರು ದಂಡೆಗಿರುವ ನೆಲ ಅದು. ಆಗ ಅಲ್ಲಿ ಭತ್ತದ ಗದ್ದೆ, ಬಾಳೆಯ ತೋಟ, ನಾಲ್ಕಾರು ಮನೆ. ಪ್ರವಾಸಿಗರ ವಸತಿಗಳೆಲ್ಲ ಬಳಿಕ ಬಂದವು. ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ನಂತರ 2020ರ ಮಾರ್ಚ್‌ನಲ್ಲಿ ನೆಲಸಮವಾಗಿಯೂ ಹೋದವು. ಆದರೆ ಬಂಡೆಗಳ ಮೈಯಲ್ಲಿರುವ ದೊಣೆಗಳು ಇಂದಿಗೂ ಇವೆ. ಮೊದಲ ಮಳೆಗೆ ಅವುಗಳಲ್ಲಿ ಮೊಣಕಾಲು ಮಟ್ಟದ ನೀರು ನಿಲ್ಲುತ್ತದೆ. ಗದ್ದೆಯ ಅಂಚಿನ ಹೊಂಡಗಳಲ್ಲಿಯೂ ಹಾಗೆಯೇ. ವಾರದೊಳಗೆ ಆ ನೀರಿನಲ್ಲಿ ನೆಲಗಪ್ಪೆಯ ಕಪ್ಪು ಗೊದಮೊಟ್ಟೆಗಳು ಎಳ್ಳು ಚೆಲ್ಲಿದಂತೆ ಗುಂಪುಗೂಡುತ್ತವೆ.

ಇಪ್ಪತ್ತು ಗೊದಮೊಟ್ಟೆಗಳನ್ನು ಅದೇ ಹೊಂಡದ ನೀರಿನೊಂದಿಗೆ ತಂದು ಅಗಲ ಬಾಯಿಯ ಮಣ್ಣಿನ ಬಾನಿಯಲ್ಲಿ ಬಿಟ್ಟೆವು. ಪಾಚಿ, ಬೇಯಿಸಿದ ಪಾಲಕ್ ಸೊಪ್ಪಿನ ಚೂರು ಅವುಗಳ ಆಹಾರ. ಮೊದಲು ಹಿಂಗಾಲು ಮೂಡಿತು. ಆಮೇಲೆ ಒಂದು ಬೆಳಗ್ಗೆ ಮುಂಗಾಲುಗಳು ಹೊರಬಂದವು. ಇಲ್ಲಿಂದ ಮುಂದಿನದೇ ನಿಜವಾದ ಪಾಠ. ಮುಂಗಾಲು ಬಂದ ಗೊದಮೊಟ್ಟೆ ತಿನ್ನುವುದನ್ನು ನಿಲ್ಲಿಸುತ್ತದೆ, ಏಕೆಂದರೆ ಅದರ ಬಾಯಿ ಬದಲಾಗುತ್ತಿರುತ್ತದೆ. ಸೊಪ್ಪು ಅರಗಿಸುತ್ತಿದ್ದ ಉದ್ದನೆಯ ಕರುಳು ಕೀಟ ಅರಗಿಸುವ ಗಿಡ್ಡ ಕರುಳಾಗುತ್ತಿರುತ್ತದೆ. ಆ ದಿನಗಳಲ್ಲಿ ಅದು ತನ್ನ ಬಾಲವನ್ನೇ ಒಳಗೊಳಗೆ ಕರಗಿಸಿಕೊಂಡು ಬದುಕುತ್ತದೆ. ಕಿವಿರು ಅಳಿದು ಶ್ವಾಸಕೋಶ ಕೆಲಸಕ್ಕೆ ತೊಡಗುತ್ತದೆ. ನಿನ್ನೆಯವರೆಗೆ ಉಸಿರಿಗೆ ಆಧಾರವಾಗಿದ್ದ ನೀರಿನಲ್ಲಿಯೇ ಇಂದು ಅದು ಮುಳುಗಿ ಸಾಯಬಲ್ಲದು. ಹತ್ತಿ ಕೂರಲು ದಂಡೆಯಿಲ್ಲದ ಗಾಜಿನ ಶೀಶೆಯಲ್ಲಿ ಮರಿಗಪ್ಪೆಗಳು ಸಾಯುವುದು ಇದೇ ಕಾರಣಕ್ಕೆ. ಅದಕ್ಕಾಗಿ ಬಾನಿಯ ನಡುವೆ ಓರೆಯಾದ ಕಲ್ಲೊಂದನ್ನು ಇಟ್ಟಿದ್ದೆವು. ಮಕ್ಕಳು ಆ ಕಲ್ಲಿಗೆ ವಿರೂಪಾಪುರಗಡ್ಡೆ ಎಂದೇ ಹೆಸರಿಟ್ಟರು. ದಿನವೂ ಶಾಲೆಗೆ ಬಂದೊಡನೆ “ಸರ್, ಇವತ್ತು ಗಡ್ಡಿಗೆ ಎಷ್ಟು ಮಂದಿ ಬಂದಾರ?” ಎಂದು ಎಣಿಸುವ ಸಂಭ್ರಮ.

ಆ ಆಗಸ್ಟ್ 24ರಂದು ನಮ್ಮ ತಾಲ್ಲೂಕುಗಳೆಲ್ಲ ರಾಯಚೂರು ಜಿಲ್ಲೆಯಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆ ಉದಯವಾಯಿತು. ರಾಯಚೂರು ಜಿಲ್ಲೆಯಲ್ಲಿ ಗೊದಮೊಟ್ಟೆಯಾಗಿದ್ದದ್ದು ಕೊಪ್ಪಳ ಜಿಲ್ಲೆಯಲ್ಲಿ ಕಪ್ಪೆಯಾಯಿತೆಂದು ಹುಡುಗನೊಬ್ಬ ಉತ್ತರಪತ್ರಿಕೆಯಲ್ಲಿ ಬರೆದಿದ್ದ. ಅವನಿಗೆ ಪೂರ್ಣಾಂಕ ಕೊಟ್ಟೆ. ಮರಿಗಪ್ಪೆಗಳನ್ನು ಅವು ಬಂದ ಹೊಂಡದ ದಂಡೆಗೇ ಒಯ್ದು ಬಿಟ್ಟೆವು.

ಈಗ ಆಕ್ಸೊಲಾಟಲ್‌ಗೆ ಬರೋಣ. ಇದು ಮೆಕ್ಸಿಕೋ ನಗರದ ಅಂಚಿನ ಶೋಚಿಮಿಲ್ಕೊ ಸರೋವರದ ಜೀವಿ. ಕಪ್ಪೆಗೆ ಸೋದರ ಸಂಬಂಧಿಯಾದ, ಬಾಲವುಳ್ಳ ಸಾಲಮ್ಯಾಂಡರ್ ಎಂಬ ಗುಂಪಿನದು. ನಮ್ಮ ದೇಶದಲ್ಲಿ ಆ ಗುಂಪಿನವು ಸಿಕ್ಕಿಂ, ಡಾರ್ಜಿಲಿಂಗ್, ಮಣಿಪುರಗಳಂಥ ತಂಪು ಪ್ರದೇಶದಲ್ಲಿ ಮಾತ್ರ ಇವೆ. ದಕ್ಷಿಣದಲ್ಲಿ ಒಂದೂ ಇಲ್ಲ. ಬಾದಾಮಿಯ ಬಂಡೆಗಲ್ಲಿನ ಶಾಸನದಲ್ಲಿ ಅರಭಟ್ಟನ ಹೆಸರಿನ ಮುಂದೆಯೇ ಕಪ್ಪೆ ಕುಳಿತಿದೆ. ಸಾಲಮ್ಯಾಂಡರಿಗೆ ನಮ್ಮ ಆಡುಮಾತಿನಲ್ಲಿ ಒಂದು ಹೆಸರೂ ಇಲ್ಲ.

ಉಳಿದ ಸಾಲಮ್ಯಾಂಡರುಗಳ ಪೈಕಿ ಹಲವು ನೀರಿನಲ್ಲಿ ಮರಿಯಾಗಿ ಹುಟ್ಟಿ, ಕಪ್ಪೆಯಂತೆ ರೂಪಾಂತರ ಹೊಂದಿ ನೆಲಕ್ಕೆ ಬರುತ್ತವೆ. ಆಕ್ಸೊಲಾಟಲ್ ಬರುವುದಿಲ್ಲ. ಮರಿಯ ರೂಪದಲ್ಲಿಯೇ ಬೆಳೆದು, ಕಿವಿರು ಇಟ್ಟುಕೊಂಡೇ ಮೊಟ್ಟೆಯಿಟ್ಟು ಸಂಸಾರ ಮಾಡಿ, ನೀರಿನಲ್ಲಿಯೇ ಬಾಳು ಮುಗಿಸುತ್ತದೆ. ಗೊದಮೊಟ್ಟೆಯೇ ಅಜ್ಜಿಯಾದಂತೆ ಎಂದು ತಿಳಿಯಿರಿ. 1864ರಲ್ಲಿ 34 ಆಕ್ಸೊಲಾಟಲ್‌ಗಳು ಹಡಗಿನಲ್ಲಿ ಪ್ಯಾರಿಸ್ ತಲುಪಿದವು. ಅಲ್ಲಿನ ವಸ್ತುಸಂಗ್ರಹಾಲಯದ ಪ್ರಾಧ್ಯಾಪಕ ಆಗಸ್ಟ್ ದ್ಯುಮೆರಿಲ್ ಅವರಿಗೆ ದೊರೆತವು ಮರುವರ್ಷ ಮರಿ ಮಾಡಿದವು. ಆ ಮರಿಗಳಲ್ಲಿ ಕೆಲವು ದೊಡ್ಡವಾಗುತ್ತಿದ್ದಂತೆ ಕಿವಿರು ಕಳೆದುಕೊಂಡು, ಮೈಬಣ್ಣ ಬದಲಿಸಿ, ನೆಲದ ಪ್ರಾಣಿಗಳಾಗಿಬಿಟ್ಟವು. ತಂದೆತಾಯಿ ನೀರಿನಲ್ಲಿ, ಮಕ್ಕಳು ದಂಡೆಯ ಮೇಲೆ! ಯೂರೋಪಿನ ಪಂಡಿತರೆಲ್ಲ ಬೆರಗಾದರು.

ಕಾರಣ ತಿಳಿಯಲು ಅರ್ಧ ಶತಮಾನ ಬೇಕಾಯಿತು. 1912ರಲ್ಲಿ ಗುಡರ್ನಾಚ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಕುದುರೆಯ ಥೈರಾಯ್ಡ್ ಗ್ರಂಥಿಯನ್ನು ತಿನ್ನಿಸಿದಾಗ ಅವು ಕಾಲಕ್ಕೆ ಮೊದಲೇ ನೊಣದಷ್ಟು ಸಣ್ಣ ಕಪ್ಪೆಗಳಾದವು. ಅದೇ ಗ್ರಂಥಿಯನ್ನು ಆಕ್ಸೊಲಾಟಲ್‌ಗೆ ತಿನ್ನಿಸಿ ಅದನ್ನೂ ನೆಲಕ್ಕೆ ಹತ್ತಿಸಿದ ಪ್ರಯೋಗಗಳು ಬೇಗನೆ ಬಂದವು. 1920ರಲ್ಲಿ ಜೂಲಿಯನ್ ಹಕ್ಸ್‌ಲಿ ಅದನ್ನು ಮಾಡಿ ತೋರಿಸಿದಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ನಾವು ಅಡುಗೆಯ ಉಪ್ಪಿಗೆ ಅಯೋಡಿನ್ ಸೇರಿಸಿ ಕಾಪಾಡಿಕೊಳ್ಳುವುದು ಇದೇ ಗ್ರಂಥಿಯನ್ನು. ಆಕ್ಸೊಲಾಟಲ್‌ನಲ್ಲಿಯೂ ಅದು ಇದೆ. ಆದರೆ ಅದನ್ನು ಎಚ್ಚರಿಸಬೇಕಾದ ಮಿದುಳಿನ ಕಡೆಯ ಸೂಚನೆ ಬಹಳ ದುರ್ಬಲ. ಮೈಗೆ ಬದಲಾಗುವ ಶಕ್ತಿ ಇದೆ, ಅಪ್ಪಣೆ ಬರುವುದಿಲ್ಲ. ಎಂದೋ ಒಮ್ಮೆ, ವಂಶದಲ್ಲಿ ಬೇರೆ ಸಾಲಮ್ಯಾಂಡರಿನ ರಕ್ತ ಬೆರೆತಿದ್ದರಿಂದಲೋ, ನೀರಿಗೆ ಅಯೋಡಿನ್ ಸೇರಿದ್ದರಿಂದಲೋ ಆ ಅಪ್ಪಣೆ ಬಂದುಬಿಡುತ್ತದೆ. ನನ್ನ ವಿದ್ಯಾರ್ಥಿನಿಯ ಮನೆಯಲ್ಲಿ ಆದದ್ದು ಅದು.

ಇಂಥ ಸಂದರ್ಭ ನಿಮ್ಮಲ್ಲಿ ಯಾರಿಗಾದರೂ ಬಂದರೆ ಮೊದಲು ನೀರನ್ನು ಪರೀಕ್ಷಿಸಿರಿ. ಕೊಳೆತ ನೀರಿನಲ್ಲಿಯೂ ಕಿವಿರು ಕುಗ್ಗುತ್ತದೆ. ಅದು ರೂಪಾಂತರವಲ್ಲ, ಕಾಯಿಲೆ. ಬೆನ್ನು ಮತ್ತು ಬಾಲದ ಮೇಲಿನ ತೆಳುಪೊರೆ ಕರಗಿ, ಕಣ್ಣು ಉಬ್ಬಿ, ಅದಕ್ಕೆ ರೆಪ್ಪೆ ಮೂಡಿ, ಚರ್ಮ ಸುಲಿಯುತ್ತಿದ್ದರೆ ಮಾತ್ರ ಅದು ನೆಲದ ದಾರಿ ಹಿಡಿದಿದೆ. ಆಗ ನೀರನ್ನು ಹಂತಹಂತವಾಗಿ ಇಳಿಸಿ, ಮೂಗು ಹೊರಗಿಡುವಷ್ಟು ಮಾಡಬೇಕು. ಒಂದು ಬದಿಗೆ ಇಳಿಜಾರಾದ ದಂಡೆ, ಅದರ ಮೇಲೆ ಕ್ಲೋರಿನ್ ಇಲ್ಲದ ನೀರಿನಲ್ಲಿ ನೆನೆಸಿದ ಮೆತ್ತನೆಯ ಬಟ್ಟೆ, ಅವಿತುಕೊಳ್ಳಲು ಒಡೆದ ಮಡಕೆಯ ಚೂರು. ತೊಟ್ಟಿಗೆ ಗಾಳಿಯಾಡುವ ಮುಚ್ಚಳ ಅಗತ್ಯ, ಏಕೆಂದರೆ ಇದುವರೆಗೆ ಗಾಜು ಹತ್ತಲಾಗದಿದ್ದದ್ದು ಈಗ ಹತ್ತುತ್ತದೆ. ಕೈಯಿಂದ ಮುಟ್ಟಬಾರದು, ಆ ಚರ್ಮ ಹಸಿಗಾಯದಂತೆ. ಹಲವು ದಿನ, ಕೆಲವೊಮ್ಮೆ ವಾರಗಟ್ಟಲೆ ತಿನ್ನುವುದಿಲ್ಲ, ಬಲವಂತ ಮಾಡಬಾರದು. ಮತ್ತೆ ಆಳವಾದ ನೀರಿಗೆ ನೂಕಿದರೆ ಕಿವಿರು ಮರಳುವುದಿಲ್ಲ, ಪ್ರಾಣ ಹೋಗುತ್ತದೆ. ವನ್ಯಪ್ರಾಣಿಗಳ ಚಿಕಿತ್ಸೆ ಬಲ್ಲ ಪಶುವೈದ್ಯರಿದ್ದರೆ ಅವರನ್ನು ಕೇಳಬೇಕು. ನನ್ನಂಥ ಮೇಷ್ಟರನ್ನು ಆಮೇಲೆ.

ಇಷ್ಟನ್ನೂ ಅವಳು ಮಾಡಿದಳು. ಎರಡು ದಿನ ಬಿಟ್ಟು ಮಗನೇ ಮಾತನಾಡಿದ.

“ತಾತ, ಇದು ಬೇರೆ ಪ್ರಾಣಿನೇ ಆಗೋಗಿದೆ. ನಗ್ತಾನೇ ಇಲ್ಲ. ಅಂಗಡೀಗೆ ವಾಪಸ್ ಕೊಟ್ಟು ಬೇರೆ ತಗೊಳ್ಳೋಣ ಅಂತಿದೀನಿ.”

ಹುಡುಗನ ಮೇಲೆ ನನಗೆ ಕೋಪ ಬರಲಿಲ್ಲ. ಆಕ್ಸೊಲಾಟಲ್‌ನ ಅಗಲ ಬಾಯಿ ಸದಾ ನಗುತ್ತಿರುವಂತೆ ಕಾಣುತ್ತದೆ. 2021ರಲ್ಲಿ ಮೈನ್‌ಕ್ರಾಫ್ಟ್ ಎಂಬ ಗಣಕಯಂತ್ರದ ಆಟದಲ್ಲಿ ಅದು ಸೇರಿದ ಮೇಲಂತೂ ಜಗತ್ತಿನ ಮಕ್ಕಳೆಲ್ಲ ಅದಕ್ಕೆ ಮರುಳಾಗಿದ್ದಾರೆ. ಅಂಗಡಿಯಾತ ಮಾರುವಾಗ “ಇದು ಯಾವಾಗಲೂ ಮರಿಯಾಗಿಯೇ ಇರುತ್ತದೆ” ಎಂದೇ ಹೊಗಳಿದ್ದನಂತೆ. ಎಂದಿಗೂ ದೊಡ್ಡದಾಗದ ಕೂಸು ಎಂದು ಮಾರಿದ ಮೇಲೆ, ಅದು ದೊಡ್ಡದಾದದ್ದನ್ನು ಕೆಟ್ಟುಹೋಯಿತೆಂದು ಹುಡುಗ ತಿಳಿದರೆ ಅವನ ತಪ್ಪೇನು?

“ಅದರ ಮೈಮೇಲೆ ಏನಾದರೂ ಗುರುತು ಇತ್ತೇನಪ್ಪಾ?” ಎಂದೆ.

“ಮುಂದಿನ ಕಾಲಲ್ಲಿ ಒಂದು ಬೆರಳು ಸೊಟ್ಟ ಇತ್ತು.”

“ಹೋಗಿ ನೋಡಿ ಬಾ.”

ತುಸು ಹೊತ್ತಿನ ಮೇಲೆ ಬಂದು, “ಇದೆ ತಾತ, ಹಾಗೇ ಇದೆ” ಎಂದ. ಧ್ವನಿ ಬದಲಾಗಿತ್ತು. ಅಂಗಡಿಯ ಮಾತು ಮತ್ತೆ ಎತ್ತಲಿಲ್ಲ. ಹತ್ತೊಂಬತ್ತನೆಯ ದಿನ ಅದು ಮೊದಲ ಎರೆಹುಳು ತಿಂದಿತೆಂದು ತಾಯಿ ಸಂದೇಶ ಕಳುಹಿಸಿದಳು. ಬಣ್ಣ ಕಂದುಗಪ್ಪಾಗಿದೆಯಂತೆ, ಹಗಲೆಲ್ಲ ಮಡಕೆಯ ಚೂರಿನಡಿ ಮಲಗಿ ರಾತ್ರಿ ಹೊರಬರುತ್ತದಂತೆ. ಬಲವಂತದ ರೂಪಾಂತರ ಹೊಂದಿದ ಆಕ್ಸೊಲಾಟಲ್‌ಗಳ ಆಯಸ್ಸು ಸಾಮಾನ್ಯವಾಗಿ ಕಡಿಮೆ. ಇದು ತಾನಾಗಿಯೇ ಬದಲಾದದ್ದು, ಆದರೂ ಎಷ್ಟು ದಿನವೆಂದು ಹೇಳಲಾಗದು. ಅದನ್ನು ಹುಡುಗನಿಂದ ಮುಚ್ಚಿಡಬೇಡವೆಂದು ತಾಯಿಗೆ ಹೇಳಿದ್ದೇನೆ.

ಇನ್ನು ನಾನು ಉಳಿಸಿಕೊಂಡಿದ್ದ ಮಾತು. ಆಕ್ಸೊಲಾಟಲ್‌ನ್ನು ನಮ್ಮ ನಾಡಿನ ಮನೆಗಳಲ್ಲಿ ಸಾಕಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಪ್ರಾಣಿ ಸಾಕುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಬಾನಿಯಲ್ಲಿ ಗೊದಮೊಟ್ಟೆ ಸಾಕಿಸಿದವನು ಹಾಗೆ ಹೇಳುವುದು ಆತ್ಮವಂಚನೆಯಾದೀತು. ಎರಡರ ನಡುವೆ ವ್ಯತ್ಯಾಸವಿದೆ. ನಮ್ಮ ಗೊದಮೊಟ್ಟೆಗೆ ಕಾಲು ಬಂದಾಗ ಅದು ಹೋಗಬೇಕಾದ ಜಾಗ ಶಾಲೆಯಿಂದ ಹರದಾರಿಯ ದೂರದಲ್ಲಿತ್ತು. ಅದೇ ಮಳೆ, ಅದೇ ಹೊಂಡ, ಅದೇ ಹುಳು. ಬೆಂಗಳೂರಿನ ಆ ಸಾಲಮ್ಯಾಂಡರಿಗೆ ಹೋಗಲು ಜಾಗವಿಲ್ಲ. ಲಾಲ್‌ಬಾಗಿನ ಕೆರೆಯಲ್ಲಿ ಬಿಡುವಂತಿಲ್ಲ, ಬಿಟ್ಟರೆ ಒಂದೋ ಅದು ಸಾಯುತ್ತದೆ, ಅಥವಾ ರೋಗ ಹರಡಿ ನಮ್ಮ ಕಪ್ಪೆಗಳನ್ನು ಕೊಲ್ಲುತ್ತದೆ. ಅದರ ಇಡೀ ಪ್ರಪಂಚ ಇನ್ನು ಮುಂದೆ ಒಂದು ಪ್ಲಾಸ್ಟಿಕ್ ಡಬ್ಬಿ, ಒಬ್ಬ ಹದಿಮೂರು ವರ್ಷದ ಹುಡುಗನ ತಾಳ್ಮೆ. ಅವನು ಕಾಲೇಜಿಗೆ ಬೇರೆ ಊರಿಗೆ ಹೋದ ಮೇಲೆ ಎರೆಹುಳು ಅಗೆಯುವವರು ಯಾರು?

ಸೆಕೆಯ ಮಾತು ಬೇರೆ. ಆಕ್ಸೊಲಾಟಲ್‌ಗೆ 16ರಿಂದ 18 ಡಿಗ್ರಿಯ ನೀರು ಹಿತ, 24 ದಾಟಿದರೆ ಅಪಾಯ. ಏಪ್ರಿಲ್‌ನಲ್ಲಿ ಬೆಂಗಳೂರಿನ ನಲ್ಲಿಯ ನೀರೇ ಅದಕ್ಕಿಂತ ಬೆಚ್ಚಗಿರುತ್ತದೆ. ಗಂಗಾವತಿಯಲ್ಲಂತೂ ಮೇ ತಿಂಗಳಲ್ಲಿ ಗಾಳಿಯ ಉಷ್ಣತೆ 40 ದಾಟುತ್ತದೆ. ವಿದ್ಯುತ್ ಹೋದ ಒಂದು ಮಧ್ಯಾಹ್ನ ಸಾಕು. ನನ್ನ ತಮ್ಮನ ಮೊಮ್ಮಗಳು ಈಚೆಗೆ ಹೊಸಪೇಟೆಯಲ್ಲಿ ಅದನ್ನು ಸಾಕುವ ಆಸೆ ತೋಡಿಕೊಂಡಳು. ಮಗಳೇ, ನಿನ್ನ ಅಜ್ಜನೇ ಹೊಸಪೇಟೆಯ ಬೇಸಿಗೆ ತಡೆಯಲಾರದೆ ಎರಡು ಹೊತ್ತು ಸ್ನಾನ ಮಾಡುತ್ತಾನೆ.

“ಮೂಲದಲ್ಲಿ ಅಳಿಯುತ್ತಿರುವ ಪ್ರಾಣಿ, ಮನೆಗಳಲ್ಲಾದರೂ ವಂಶ ಉಳಿಯಲಿ” ಎಂದು ವಾದಿಸುವವರಿದ್ದಾರೆ. ಅಳಿಯುತ್ತಿರುವುದು ನಿಜ. ಶೋಚಿಮಿಲ್ಕೊದಲ್ಲಿ 1998ರಲ್ಲಿ ಚದರ ಕಿಲೋಮೀಟರಿಗೆ ಸುಮಾರು 6000 ಇದ್ದವು 2014ರ ಗಣತಿಯಲ್ಲಿ 36ಕ್ಕೆ ಇಳಿದಿದ್ದವು. ಮೆಕ್ಸಿಕೋ ತನ್ನ 50 ಪೆಸೊ ನೋಟಿನ ಮೇಲೆ 2021ರಲ್ಲಿ ಅದರ ಚಿತ್ರ ಮುದ್ರಿಸಿತು. ನೋಟಿನಲ್ಲಿರುವಷ್ಟು ಕಾಲುವೆಗಳಲ್ಲಿ ಇಲ್ಲ. ಆದರೆ ಅಂಗಡಿಯಲ್ಲಿ ಸಿಗುವವು ತಲೆಮಾರುಗಳಿಂದ ತೊಟ್ಟಿಯಲ್ಲಿ ಹುಟ್ಟಿ, ಬೇರೆ ತಳಿಯ ಬೆರಕೆಯೂ ಸೇರಿದಂಥವು. ಅವುಗಳಿಂದ ಸರೋವರ ತುಂಬುವುದಿಲ್ಲ. ಅಲ್ಲಿ ಅದು ಕ್ಷೀಣಿಸಿದ್ದು ಕೊಳಚೆ ನೀರಿನಿಂದ, ಹಾಗೂ ಜನರಿಗೆ ಆಹಾರವಾಗಲೆಂದು ತಂದು ಬಿಟ್ಟ ಗೆಂಡೆ ಮೀನು, ನಾವು ಜಿಲೇಬಿ ಮೀನೆನ್ನುವ ತಿಲಾಪಿಯಾಗಳಿಂದ. ಹೊರಗಿನ ಜೀವಿಯನ್ನು ತಂದು ಬಿಟ್ಟದ್ದೇ ಕೇಡಾಯಿತು. ಅಲ್ಲಿನ ರೈತರು ಈಗ ವಿಶ್ವವಿದ್ಯಾಲಯದವರೊಂದಿಗೆ ಸೇರಿ, ತಮ್ಮ ಗದ್ದೆಗಳ ಕಾಲುವೆಗಳಿಗೆ ಜಾಲರಿ ಕಟ್ಟಿ, ಆ ಮೀನುಗಳು ನುಗ್ಗದಂತೆ ತಡೆದು ಆಕ್ಸೊಲಾಟಲ್‌ಗೆ ಜಾಗ ಮಾಡಿಕೊಡುತ್ತಿದ್ದಾರೆ. ಅದು ಕಾಪಾಡುವ ಕೆಲಸ. ತಂಪು ಯಂತ್ರ ಹಚ್ಚಿದ ತೊಟ್ಟಿಗೆ ಆ ಗೌರವ ಸಲ್ಲದು.

ಹಾಗೆಂದು ಈಗಾಗಲೇ ಮನೆಗೆ ಬಂದಿರುವುದನ್ನು ಕೈಬಿಡುವಂತಿಲ್ಲ. ತಂದವರು ಕೊನೆಯವರೆಗೂ ನೋಡಿಕೊಳ್ಳಬೇಕು. ಆಕ್ಸೊಲಾಟಲ್ ಅಂತರರಾಷ್ಟ್ರೀಯ ವಹಿವಾಟಿನ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ನಮ್ಮ ವನ್ಯಜೀವಿ ಕಾಯಿದೆಗೆ 2022ರಲ್ಲಿ ತಿದ್ದುಪಡಿಯಾಗಿ, 2024ರಲ್ಲಿ ನಿಯಮಗಳು ಪ್ರಕಟವಾದ ಮೇಲೆ ಇಂಥ ಪ್ರಾಣಿಗಳನ್ನು ಇಟ್ಟುಕೊಂಡವರು ಪರಿವೇಶ್ ಜಾಲತಾಣದ ಮೂಲಕ ನೋಂದಾಯಿಸಬೇಕು. ಮಾರುವಾತ ಇದನ್ನು ಹೇಳುವುದು ಅಪರೂಪ, ಕೊಳ್ಳುವಾತ ಕೇಳುವುದು ಇನ್ನೂ ಅಪರೂಪ. ಇನ್ನು, ರೂಪಾಂತರ ನೋಡುವ ಕುತೂಹಲಕ್ಕೆ ಥೈರಾಯ್ಡ್ ಮಾತ್ರೆಯನ್ನೋ ಅಯೋಡಿನನ್ನೋ ನೀರಿಗೆ ಹಾಕುವವರಿದ್ದಾರೆಂದು ಕೇಳಿ ಮೈ ಉರಿಯಿತು. ಹಕ್ಸ್‌ಲಿಯಿಂದ ಈಚೆಗೆ ನೂರು ವರ್ಷ ದಾಟಿದೆ. ಅದರಿಂದ ಕಲಿಯಬೇಕಾದದ್ದನ್ನೆಲ್ಲ ಪ್ರಯೋಗಾಲಯಗಳು ಕಲಿತಿವೆ, ಕಲಿಯುತ್ತಿವೆ. ಅಡುಗೆಮನೆಯ ಪಕ್ಕದಲ್ಲಿ ಅದನ್ನು ಮಾಡುವುದು ವಿಜ್ಞಾನವಲ್ಲ, ಹಿಂಸೆ.

ಮಕ್ಕಳಿಗೆ ರೂಪಾಂತರ ತೋರಿಸಬೇಕೆಂಬ ಆಸೆ ಇದ್ದವರು ಜುಲೈನಲ್ಲಿ ಊರಿಗೆ ಬನ್ನಿರಿ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ನದಿಯ ಪಾತ್ರ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಅಲ್ಲಿಂದ ಏನನ್ನೂ ತೆಗೆಯಬೇಡಿರಿ. ಗದ್ದೆಯ ಬದುವಿನ ಹೊಂಡ ಸಾಕು. ಹತ್ತು ಹದಿನೈದಕ್ಕಿಂತ ಹೆಚ್ಚು ಬೇಡ, ನೀರು ಅದೇ ಹೊಂಡದ್ದಿರಲಿ, ಬೆಂಗಳೂರಿಗೋ ಪುಣೆಗೋ ಹೊತ್ತೊಯ್ಯುವ ಮಾತು ಬೇಡ. ಮಕ್ಕಳು ರಜೆ ಮುಗಿಸಿ ಹೊರಟಾಗ ಇನ್ನೂ ಬಾಲ ಕರಗದೆ ಉಳಿದವುಗಳನ್ನು ನಾನು ನೋಡಿಕೊಳ್ಳುತ್ತೇನೆ, ಹೊಂಡಕ್ಕೂ ಮುಟ್ಟಿಸುತ್ತೇನೆ. ಹಳೆಯ ಬಾನಿ ಹಿತ್ತಲಲ್ಲಿದೆ. ಅಂಚು ಸ್ವಲ್ಪ ಒಡೆದಿದೆ, ನೀರು ನಿಲ್ಲುತ್ತದೆ.